ಕೇಳದೆ ಬರೆದ ಅಂಕಿ

ಮಾನ್ಯ ಅಂಕಿಅಂಶ ನಿರ್ದೇಶಕರೇ,

ನಮ್ಮ ವಾರ್ಡಿನಲ್ಲಿ ಕಿವಿ ಮಂದವಾದವರು ನೂರಕ್ಕೆ ಇಬ್ಬರು ಮಾತ್ರ ಎಂದು ತಮ್ಮ ವರದಿ ಸಾರಿದೆ. ಅದನ್ನು ನಂಬಿದ ಆರೋಗ್ಯ ಇಲಾಖೆಯವರು ನಮ್ಮ ಚಿಕಿತ್ಸಾಲಯದಲ್ಲಿದ್ದ ಕಿವಿ ಪರೀಕ್ಷೆಯ ಕೋಣೆಗೆ ಬೀಗ ಜಡಿದು, ಅಲ್ಲಿನ ಯಂತ್ರಗಳನ್ನೂ ಅವುಗಳನ್ನು ನಡೆಸುತ್ತಿದ್ದ ಹೆಣ್ಣುಮಗಳನ್ನೂ ಊರಿನ ಇನ್ನೊಂದು ತುದಿಗೆ ಸಾಗಿಸಿದ್ದಾರೆ. ನನ್ನ ತಕರಾರು ಇಷ್ಟೇ: ಆ ಅಂಕಿ ಸುಳ್ಳು. ಸುಳ್ಳು ಎಂಬ ಪದ ಒರಟಾಯಿತು ಅನ್ನಿಸಿದರೆ ‘ಅಂದಾಜು’ ಎಂದು ಓದಿಕೊಳ್ಳಿ. ತಮ್ಮ ಕಚೇರಿಯಲ್ಲಿ ಎರಡಕ್ಕೂ ಒಂದೇ ಕೋಷ್ಟಕ.

ನಾನು ಕಚೇರಿಗಳ ಬೀದಿಯಲ್ಲಿ ಟೈಪಿಂಗ್ ಅಂಗಡಿ ಇಟ್ಟುಕೊಂಡವಳು. ತಮ್ಮಂಥವರ ಭಾಷೆ ಟೈಪ್ ಮಾಡಿಯೇ ಹೊಟ್ಟೆ ಹೊರೆಯುತ್ತೇನೆ. ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯವನ್ನು ನನ್ನ ಬೆರಳುಗಳು ನನ್ನ ಅಪ್ಪಣೆಗೆ ಕಾಯದೆ ಹೊಡೆದು ಮುಗಿಸುತ್ತವೆ. ಆದ್ದರಿಂದ ಈ ಪತ್ರಕ್ಕೆ ಅದೇ ಉತ್ತರ ಕಳಿಸುವ ಶ್ರಮ ತೆಗೆದುಕೊಳ್ಳಬೇಡಿ. ಬೇಕಿದ್ದರೆ ನಾನೇ ಟೈಪ್ ಮಾಡಿ ತಮ್ಮ ಸಹಿಗೆ ತರುತ್ತೇನೆ.

ಅಂಗಡಿ ಅಲ್ಲಿದ್ದರೂ ಮನೆ ಇರುವುದು ತಗಡಿನ ಓಣಿಯಲ್ಲಿ, ಗೂಡ್ಸ್ ಶೆಡ್ಡಿನ ಹಿಂದೆ. ಟ್ರಂಕು, ಡ್ರಮ್ಮು, ಧಾನ್ಯದ ಡಬ್ಬ, ತಗಡಿನಲ್ಲಿ ಏನೇನು ಆಗುತ್ತದೋ ಅದೆಲ್ಲ ನಮ್ಮಲ್ಲಿ ಆಗುತ್ತದೆ. ಬೆಳಿಗ್ಗೆ ಶುರುವಾದ ಸುತ್ತಿಗೆ ಊಟದ ಹೊತ್ತಿಗೆ ಒಮ್ಮೆ ನಿಂತರೆ ಆ ಮೌನಕ್ಕೆ ಕೂಸುಗಳು ಬೆಚ್ಚಿ ಅಳುತ್ತವೆ. ನಮ್ಮ ಓಣಿಯಲ್ಲಿ ಗುಟ್ಟು ಎಂಬುದಿಲ್ಲ, ಏಕೆಂದರೆ ಪಿಸುಮಾತು ಎಂಬುದೇ ಇಲ್ಲ. ಚಹಾದವನು ದೂರದಿಂದಲೇ ಹುಬ್ಬು ಹಾರಿಸುತ್ತಾನೆ, ನಾವು ಬೆರಳು ತೋರಿಸುತ್ತೇವೆ, ಲೋಟ ಬರುತ್ತದೆ. ಹೊಸಬರು ಬಂದರೆ ಇಲ್ಲೇನೋ ಜಗಳ ಹತ್ತಿದೆ ಎಂದುಕೊಳ್ಳುತ್ತಾರೆ. ಜಗಳವಲ್ಲ ಸ್ವಾಮಿ, ಕುಶಲೋಪರಿ.

ನನ್ನ ಅಣ್ಣ ಈ ಓಣಿಯ ಟ್ರಂಕಿನ ಕೆಲಸಗಾರ. ಅವನ ಅಡ್ಡಹೆಸರು ‘ಗಟ್ಟಿದನಿ’. ಕಿವಿ ಹೋಗಿದೆ ಎಂದು ಅವನೆಂದೂ ಒಪ್ಪಿದವನಲ್ಲ. “ನಂಗೆ ಎಲ್ಲಾ ಕೇಳುತ್ತೆ, ನೀವೇ ಈಗೀಗ ಬಾಯೊಳಗೆ ಮಾತಾಡ್ತೀರಿ” ಎನ್ನುತ್ತಿದ್ದ. ಕಡೆಗೆ ಅತ್ತಿಗೆ ಅವನನ್ನು ರಟ್ಟೆ ಹಿಡಿದು ಆ ಕೋಣೆಗೆ ಎಳೆದೊಯ್ದಳು. ಅಲ್ಲಿನ ಹೆಣ್ಣುಮಗಳನ್ನು ನಾವೆಲ್ಲ ‘ಕಿವಿ ಅಕ್ಕ’ ಎನ್ನುತ್ತಿದ್ದೆವು. ಆಕೆ ಮೇಣದಂಥದ್ದನ್ನು ಕಿವಿಗೆ ತುಂಬಿ ಅಚ್ಚು ತೆಗೆದು, ಕೇಳಿಸುವ ಯಂತ್ರ ಕೂರಿಸಿ, ವಾರಕ್ಕೊಮ್ಮೆ ಕರೆಸಿ ಅದನ್ನು ಹದ ಮಾಡುತ್ತಿದ್ದಳು. ಯಂತ್ರ ಹಾಕಿಕೊಂಡು ಮನೆಗೆ ಬಂದ ದಿನ ಅಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಅತ್ತಿಗೆ ಪಾತ್ರೆ ತೊಳೆಯುತ್ತ ಗೊಣಗುತ್ತಿದ್ದಳು.

“ಇಷ್ಟು ವರ್ಷ ಹಿಂಗೇ ಬೈತಾ ಇದ್ಯಾ?” ಎಂದ.

“ಇವತ್ತು ಕಡಿಮೆ” ಎಂದಳು ಅತ್ತಿಗೆ.

ಮೊಮ್ಮಗಳು ಹುಟ್ಟಿದಾಗಿನಿಂದ ಅವಳ ಹೆಸರನ್ನು ತಪ್ಪಾಗಿ ಕೂಗುತ್ತಿದ್ದೆ ಎಂದು ಅವನಿಗೆ ತಿಳಿದದ್ದೂ ಆ ವಾರವೇ. ಪಾಪ, ಕೂಸು ಆ ಹೆಸರಿಗೂ ಓಗೊಡುತ್ತಿತ್ತು. ಅಣ್ಣ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿಜವಾದ ಹೆಸರನ್ನು ಮೆಲ್ಲಗೆ, ಮೆಲ್ಲಗೆ, ಹೇಳಿ ಹೇಳಿ ನೋಡಿದ. ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ತಮ್ಮ ವರದಿ ಬಂತು, ಕೋಣೆ ಮುಚ್ಚಿತು. ಅಚ್ಚು ಸಡಿಲಾಗಿ ಅಣ್ಣನ ಯಂತ್ರ ಸಿಳ್ಳೆ ಹೊಡೆಯತೊಡಗಿತು. ಹೊಸ ಜಾಗಕ್ಕೆ ಹೋಗಬೇಕೆಂದರೆ ಎರಡು ಬಸ್ಸು ಬದಲಿಸಿ ಇಡೀ ದಿನದ ಕೆಲಸ ಬಿಡಬೇಕು. ಎರಡು ಸಲ ಹೋದ. ಒಮ್ಮೆ ಸರದಿ ಸಿಗಲಿಲ್ಲ, ಇನ್ನೊಮ್ಮೆ ತನ್ನ ಹೆಸರು ಕರೆದದ್ದು ಕೇಳಲಿಲ್ಲ. ಕಿವಿ ಕೇಳದವರ ಸರದಿಯನ್ನು ಬಾಯಲ್ಲಿ ಕೂಗಿ ಕರೆಯುವ ಬುದ್ಧಿವಂತಿಕೆ ಯಾವ ಇಲಾಖೆಯದೋ ತಿಳಿಯದು, ತಮ್ಮದಲ್ಲವೆಂದು ನಂಬಿದ್ದೇನೆ. ಯಂತ್ರ ಕಪಾಟು ಸೇರಿತು.

ಒಂದು ಸಂಜೆ ಅಣ್ಣ ಶೆಡ್ಡಿನ ಬಾಗಿಲಲ್ಲಿ ಟ್ರಂಕುಗಳನ್ನು ಜೋಡಿಸುತ್ತಿದ್ದಾಗ ಲಾರಿಯೊಂದು ಹಿಂದಕ್ಕೆ ಬಂತು. ಓಣಿಗೆ ಓಣಿಯೇ ಕೂಗಿತು. ಕೂಗು ಅಣ್ಣನಿಗೆ ಕೇಳಲಿಲ್ಲ. ಚಾಲಕನಿಗೂ ಕೇಳಲಿಲ್ಲ, ಏಕೆಂದರೆ ಅವನೂ ನಮ್ಮವನೇ. ಲಾರಿ ಹತ್ತುವ ಮುಂಚೆ ಡ್ರಮ್ಮು ಬಡಿದು ಬೆಳೆದವನು. ಅಣ್ಣನ ಸೊಂಟದ ಮೂಳೆ ಮುರಿಯಿತು, ಬಲಗಾಲು ಎರಡು ಕಡೆ ಮುರಿಯಿತು. ಆಸ್ಪತ್ರೆಗೆ ನೋಡಲು ಬಂದ ಚಾಲಕ ಮಂಚದ ಕಾಲ ಬಳಿ ತಲೆ ತಗ್ಗಿಸಿ ನಿಂತ.

“ಹಾರ್ನ್ ಹೊಡೆದಿದ್ಯೇನೋ?” ಎಂದು ಅಣ್ಣ ಕೇಳಿದ.

“ಹೊಡೆದೆ ಅನ್ಸುತ್ತೆ. ನಂಗೂ ಕೇಳಲ್ಲ ಅಣ್ಣ.”

“ಏನು?”

“ನಂಗೂ ಕೇಳಲ್ಲ ಅಂದೆ.”

ಇಬ್ಬರ ದನಿಗೆ ನರ್ಸಮ್ಮ ಓಡಿ ಬಂದು, ಇಲ್ಲಿ ಬೇರೆ ರೋಗಿಗಳಿದ್ದಾರೆ, ಜಗಳ ಆಡಬೇಡಿ ಎಂದಳು. ಚಾಲಕ ಅಳುತ್ತಿದ್ದ. ಅಣ್ಣ ಅವನ ಕೈ ಹಿಡಿದುಕೊಂಡಿದ್ದ.

ಕೋಣೆ ತೆರೆದಿದ್ದರೆ ಕಾಲು ಉಳಿಯುತ್ತಿತ್ತು ಎಂದು ಆಣೆ ಮಾಡಿ ಹೇಳಲಾರೆ. ಅದು ನನ್ನ ಅಂದಾಜು. ತಮ್ಮ ಅಂದಾಜಿಗೆ ಒಂದು ಕೋಣೆ ಮುಚ್ಚಿಸುವ ಅಧಿಕಾರವಿದ್ದರೆ ನನ್ನ ಅಂದಾಜಿಗೆ ಒಂದು ಪತ್ರ ಬರೆಯುವ ಹಕ್ಕಾದರೂ ಬೇಡವೇ?

ನಾನೂ ಅತ್ತಿಗೆಯೂ ತಮ್ಮ ಕಚೇರಿಗೆ ಬಂದೆವು. ತಾವು ಸಭೆಯಲ್ಲಿದ್ದಿರಿ. ತಮ್ಮ ಕಿರಿಯ ಅಧಿಕಾರಿಯೊಬ್ಬರು ಕುರ್ಚಿ ಕೊಟ್ಟು ಕೂರಿಸಿ ಮಾತಾಡಿದರು. ಅವರ ಮೇಲೆ ದಯವಿಟ್ಟು ಕ್ರಮ ಕೈಗೊಳ್ಳಬೇಡಿ. ಅವರು ಮಾಡಿದ ತಪ್ಪೆಂದರೆ ನಿಜ ಹೇಳಿದ್ದು.

“ಸಮೀಕ್ಷೆ ಮಾಡಿದ್ದು ಇಡೀ ಊರಿಗೆ ಅಮ್ಮ. ಊರಿನ ಲೆಕ್ಕಕ್ಕೆ ಅದು ಸಾಕು, ವಾರ್ಡ್ ವಾರ್ಡಿಗೆ ಒಡೆದರೆ ಸಾಲಲ್ಲ. ನಿಮ್ಮದು ಚಿಕ್ಕ ವಾರ್ಡ್, ಸಿಕ್ಕಿದ್ದು ಬೆರಳೆಣಿಕೆ ಮನೆ. ಅಷ್ಟನ್ನೇ ನಂಬಿದರೆ ಒಬ್ಬರು ಹೌದು ಅಂದರೆ ಅಂಕಿ ಆಕಾಶಕ್ಕೆ, ಇಲ್ಲ ಅಂದರೆ ಪಾತಾಳಕ್ಕೆ. ಅದಕ್ಕೆ ನಿಮ್ಮಂಥದೇ ಬೇರೆ ವಾರ್ಡ್‌ಗಳಿಂದ ಬಲ ಸಾಲ ತಗೋತೀವಿ, ಅಂದರೆ ಅವರ ಅಂಕಿಯನ್ನೂ ನಿಮ್ಮದರ ಜೊತೆ ಬೆರೆಸ್ತೀವಿ. ಮನೆ ಕಡಿಮೆ ಇದ್ದಷ್ಟೂ ಸಾಲದ ಪಾಲು ಜಾಸ್ತಿ.”

“ನಮ್ಮಂಥದು ಅಂತ ಹೆಂಗೆ ಗೊತ್ತಾಗುತ್ತೆ ಸಾರ್?” ಅತ್ತಿಗೆ ಕೇಳಿದಳು.

“ಜನಗಣತಿಯಲ್ಲಿರೋದು ನೋಡ್ತೀವಿ. ವಯಸ್ಸು, ಓದು, ಮನೆ ಚಾವಣಿ, ನೀರಿನ ನಲ್ಲಿ.”

“ಕೆಲಸ?”

“ಕೆಲಸದ ಮಾಹಿತಿ ವಾರ್ಡ್ ಮಟ್ಟದಲ್ಲಿ ಇನ್ನೂ ಬಂದಿಲ್ಲ.”

ನಮ್ಮಲ್ಲಿ ಹರೆಯದವರು ಹೆಚ್ಚು, ಚಾವಣಿ ಗಟ್ಟಿ, ನಲ್ಲಿಯೂ ಇದೆ. ಹಾಗಾಗಿ ತಮ್ಮ ಗಣಿತ ನಮ್ಮನ್ನು ಗುಮಾಸ್ತರ, ಬಟ್ಟೆ ಅಂಗಡಿಯವರ ವಾರ್ಡುಗಳ ಸಾಲಿನಲ್ಲಿ ಕೂರಿಸಿತು. ಅವರ ಕಿವಿ ನೆಟ್ಟಗಿದೆ, ಆದ್ದರಿಂದ ನಮ್ಮದೂ ನೆಟ್ಟಗಿದೆ. ಸುತ್ತಿಗೆಗೆ ಕಾಲಂ ಇರಲಿಲ್ಲ.

“ಆ ಬೆರಳೆಣಿಕೆಯಲ್ಲಿ ಒಂದು ಬೆರಳು ನಮ್ಮದೇ ಸಾರ್” ಎಂದಳು ಅತ್ತಿಗೆ. ಸಮೀಕ್ಷೆಯವನು ಬಂದದ್ದು ಕೆಲಸದ ಹೊತ್ತಿನಲ್ಲಿ. ಬಡಿಯುವಾಗ ಅಣ್ಣ ಯಂತ್ರ ತೆಗೆದಿಡುತ್ತಿದ್ದ. ‘ಕೇಳಿಸಿಕೊಳ್ಳಲು ತೊಂದರೆ ಇದೆಯೇ?’ ಎಂದು ಅವನು ಕೇಳಿದ್ದಾನೆ. ಟ್ರಂಕು ಬಿಡಿಯಾಗಿ ಕೊಡುತ್ತೀರಾ ಎಂದು ಕೇಳುತ್ತಿದ್ದಾನೆಂದು ಅಣ್ಣ ತಿಳಿದಿದ್ದಾನೆ. “ಇಲ್ಲ ಇಲ್ಲ, ನಮ್ಮದು ಸಗಟು ಮಾತ್ರ” ಎಂದಿದ್ದಾನೆ. ಇಲ್ಲ ಎಂದು ಬರೆದುಕೊಂಡು ಅವನು ಹೊರಟ. ಒಳಗಿಂದ ಇದನ್ನು ಕೇಳಿಸಿಕೊಂಡ ಅತ್ತಿಗೆ ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಓಣಿ ದಾಟಿದ್ದ. ಯಾರೋ ಗಿರಾಕಿ ಬಂದಿದ್ದ ಎಂದು ಅಣ್ಣ ಊಟದ ಹೊತ್ತಿಗೆ ಹೇಳಿದನಂತೆ.

ಅಧಿಕಾರಿಗೆ ನಗು ಬಂತು, ಮರುಕ್ಷಣ ನಿಂತಿತು. ನಮ್ಮ ಭಾಷೆಯಲ್ಲಿ ಪ್ರಶ್ನಿಸುವುದಕ್ಕೂ ಕಿವಿಗೊಡುವುದಕ್ಕೂ ‘ಕೇಳು’ ಎಂಬುದು ಒಂದೇ ಮಾತು. ಹಿರಿಯರು ಉಳಿತಾಯಕ್ಕೆಂದು ಹಾಗೆ ಮಾಡಿರಲಾರರು. ಮೊದಲನೆಯದನ್ನು ಮಾಡುವವನು ಎರಡನೆಯದನ್ನೂ ಮಾಡಲಿ ಎಂದೇ ಇಟ್ಟಿರಬೇಕು.

ಸಾಲ ಪಡೆಯುವ ತಮ್ಮ ವಿಧಾನವನ್ನು ನಾನು ಹಳಿಯುತ್ತಿಲ್ಲ. ಪ್ರತಿ ಮನೆಗೂ ಹೋಗಲಾಗದು, ಒಪ್ಪಿದೆ. ಅನ್ನ ಬೆಂದಿದೆಯೇ ನೋಡಲು ಒಂದಗುಳು ಹಿಸುಕಿದರೆ ಸಾಕು, ಅದನ್ನೂ ಒಪ್ಪಿದೆ. ಆದರೆ ತಾವು ಪಕ್ಕದ ಮನೆಯ ಪಾತ್ರೆಯ ಅಗುಳು ಹಿಸುಕಿ ನಮಗೆ ಎಲೆ ಹಾಕಿಬಿಟ್ಟಿರಿ. ಅಷ್ಟಕ್ಕೂ ತಮ್ಮ ಗಣಿತಕ್ಕೇ ತನ್ನ ಮೇಲೆ ಅಷ್ಟು ಭರವಸೆ ಇರಲಿಲ್ಲವಂತೆ. ನಮ್ಮ ವಾರ್ಡಿನ ನಿಜವಾದ ಅಂಕಿ ನೂರಕ್ಕೆ ಒಂದರಿಂದ ಒಂಬತ್ತರವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದು ಅದು ತಾನಾಗಿ ಹೇಳಿತ್ತಂತೆ.

“ಅದನ್ನ ಯಾಕೆ ಅಚ್ಚು ಹಾಕಲಿಲ್ಲ?” ಎಂದೆ.

“ಓದೋರಿಗೆ ಗೊಂದಲ ಆಗುತ್ತೆ ಅಂತ ಮೇಲಿನವರು ತೆಗೆಸಿದರು.”

ಮೇಲಿನವರೇ, ನಮಗೆ ಗೊಂದಲವಾಗುತ್ತಿರಲಿಲ್ಲ. ಗೊಂದಲವಾಗಬೇಕಿದ್ದದ್ದು ಬೀಗ ಹಿಡಿದು ಬಂದವನಿಗೆ. ಗೊಂದಲವಾಗಿದ್ದರೆ ಅವನು ಒಂದು ಗಳಿಗೆ ನಿಲ್ಲುತ್ತಿದ್ದ.

ಆಮೇಲೆ ಕಿವಿ ಅಕ್ಕ ತನ್ನ ರಜೆಯ ದಿನ ಬಂದು ನಮ್ಮ ಮನೆಯಲ್ಲೇ ಓಣಿಯವರ ಕಿವಿ ಪರೀಕ್ಷಿಸಿದಳು. ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಕೇಳುತ್ತಿರಲಿಲ್ಲ. ಅಧಿಕಾರಿಗೆ ಫೋನು ಮಾಡಿದೆ. ತಾವಾಗಿ ಬಂದವರ ಲೆಕ್ಕ ಲೆಕ್ಕವಲ್ಲ, ತೊಂದರೆ ಇದ್ದವರೇ ಬಂದಿರುತ್ತಾರೆ, ಚೀಟಿ ಎತ್ತಿ ಮನೆಗಳನ್ನು ಆರಿಸಬೇಕು ಎಂದರು. ಮಾತು ನ್ಯಾಯವಾಗಿದೆ, ನನಗೂ ಒಪ್ಪಿಗೆ. ಹಾಗಾದರೆ ಚೀಟಿ ಎತ್ತುವ ಕೆಲಸ ಯಾರದು? ನನ್ನದೋ, ಅದಕ್ಕೆಂದೇ ಇಟ್ಟಿರುವ ತಮ್ಮ ಕಚೇರಿಯದೋ?

ಅಣ್ಣ ಈಗ ಕೋಲೂರಿ ನಡೆಯುತ್ತಾನೆ. ಸುತ್ತಿಗೆ ಹಿಡಿದು ನಿಲ್ಲಲಾಗದು. ಅವನು ಬೀದಿಗಿಳಿದರೆ ರಸ್ತೆಯ ಕಡೆ ಅತ್ತಿಗೆ ಇರಲೇಬೇಕು. ಅದಕ್ಕಾಗಿ ಅವಳು ಡಬ್ಬಗಳಿಗೆ ಬಣ್ಣ ಬಳಿಯುವ ಕೆಲಸ ಬಿಟ್ಟಳು. ಮುಂದಿನ ಸಮೀಕ್ಷೆಯಲ್ಲಿ ಅವಳನ್ನು ‘ದುಡಿಮೆ ಇಲ್ಲದವಳು’ ಎಂದು ಬರೆದುಕೊಳ್ಳುತ್ತೀರಿ.

ನಾನು ಕೇಳುವುದು ಹೆಚ್ಚೇನಲ್ಲ. ಅಂಕಿ ಅಚ್ಚಾಗುವ ಕಡೆಯೆಲ್ಲ ಅದು ಎಷ್ಟು ತಪ್ಪಿರಬಹುದು ಎಂಬುದೂ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಅಚ್ಚಾಗಲಿ. ಯಾವ ವಾರ್ಡು ಯಾವುದರಂತಿದೆ ಎಂದು ತೀರ್ಮಾನಿಸುವ ಮುನ್ನ ಅಲ್ಲಿನವರು ಯಾವ ಕೆಲಸ ಮಾಡುತ್ತಾರೆಂದು ತಿಳಿದುಕೊಳ್ಳಿ. ನಮ್ಮ ಮನೆಗಳಲ್ಲಿ ತಾವೇ ಚೀಟಿ ಎತ್ತಿ, ಪ್ರಶ್ನೆಯ ಬದಲು ಕಿವಿ ಪರೀಕ್ಷೆಯ ಯಂತ್ರ ಕೊಟ್ಟು ಜನರನ್ನು ಕಳಿಸಿ. ಉತ್ತರ ಬರುವವರೆಗೆ ಆ ಕೋಣೆ ತೆರೆದಿರುವಂತೆ ಆರೋಗ್ಯ ಇಲಾಖೆಗೆ ಬರೆಯಿರಿ. ತಮ್ಮ ಅಂಕಿ ತೋರಿಸಿಯೇ ಮುಚ್ಚಿಸಿದ್ದು, ತಮ್ಮ ಮಾತಿಗೇ ತೆರೆದೀತು.

ಬರುವವರಿಗೆ ಒಂದು ಸೂಚನೆ ಕೊಟ್ಟು ಕಳಿಸಿ. ಕರೆಗಂಟೆ ಒತ್ತಿ ಬಾಗಿಲಲ್ಲಿ ಕಾಯುವುದು ಬೇಡ. ನೇರ ಒಳಗೆ ಬರಲಿ, ಎದುರಿಗೆ ಕೂತು ಮುಖ ನೋಡಿ ಮಾತಾಡಲಿ. ನಮ್ಮ ಓಣಿಯಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಇಂತಿ,
ತಮ್ಮ ಕೋಷ್ಟಕದಲ್ಲಿ ಬೇರೆ ಯಾರದೋ ಕಿವಿಯಿಂದ ಚೆನ್ನಾಗಿ ಕೇಳಿಸಿಕೊಳ್ಳುತ್ತಿರುವ
ತಗಡಿನ ಓಣಿಯ ಟೈಪಿಂಗಿನವಳು