ಇನ್ನೊಂದು ಟೇಕ್

ಫೆಬ್ರವರಿ 6, ಸಂಜೆ
ರೆಕಾರ್ಡಿಂಗ್ ರೂಮಿನ ಹಳೇ ವಾಲ್ವ್ ಆಂಪ್ಲಿಫೈಯರ್ ಬಿಸಿಯಾಗಲು ಬಿಟ್ಟು ಟೀ ಕುಡಿದೆ. ಮತ್ತೆ ಅದೇ ಹಮ್. ಕೇಬಲ್ ಬದಲಿಸಿದೆ, ಸಿಂಥ್ ಕೀಬೋರ್ಡ್‌ಗಳ ಪ್ಲಗ್ ಎಲ್ಲ ಕಿತ್ತೆ. ಗುಂಯ್ ಅನ್ನುವುದು ನಿಲ್ಲಲಿಲ್ಲ. ಹಾಳಾದ್ದು.

ಅಕ್ಕ ಬಂದಿದ್ದಳು. ಆಪರೇಷನ್ 17ಕ್ಕೆ. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಆಮೇಲೆ ಅವಳಿಗೆ ಮಾತಿಲ್ಲ. ಹಾಡಿಸಿ ರೆಕಾರ್ಡ್ ಮಾಡಿಡೋಣ ಅಂದುಕೊಂಡಿದ್ದೆ.

"ಹಾಡು ಗೀಡು ಬೇಡ ಕಣೋ. ಪುಟ್ಟಿಗೆ ಮಲಗೋವಾಗ ಹೇಳ್ತೀನಲ್ಲ, ಸ್ನಾನಕ್ಕೆ ಹೆದರೋ ಕರಡಿ ಕಥೆ, ಅದೊಂದು ಮಾಡ್ಕೊಡು. ಅದಿಲ್ದೆ ಅವಳು ಮಲಗಲ್ಲ."

ಪುಟ್ಟಿ ಅಕ್ಕನ ಮಗಳು, ಇನ್ನೂ ನಾಲ್ಕು ವರ್ಷ. ಆಯ್ತು ಅಂದೆ. ಮಾಡುವುದಾದರೆ ನೆಟ್ಟಗೆ ಮಾಡಬೇಕು.

ಫೆಬ್ರವರಿ 8
ಕರಡಿ ಕಥೆ, ಮೂರು ಟೇಕ್. ಮೂರರಲ್ಲೂ ಹಮ್. ಡಿಲೀಟ್.

ಭಾವ ಬಾಗಿಲಲ್ಲಿ ನಿಂತು, "ಫೋನಲ್ಲೇ ಹಿಡ್ಕೊಂಡ್ರೆ ಆಗಲ್ವೇನಪ್ಪಾ?" ಅಂದರು. ಫೋನಿನಲ್ಲಿ ಬರುವುದು ಧ್ವನಿಯಲ್ಲ, ತಗಡು. ಆಂಪ್‌ನ ಈ ವಾಲ್ವ್‌ಗಳ ಮೂಲಕ ರೆಕಾರ್ಡ್ ಆದರೆ ಅಕ್ಕ ಪಕ್ಕದಲ್ಲೇ ಕೂತು ಹೇಳಿದಂತಿರುತ್ತದೆ. ಕತ್ತೆಗೇನು ಗೊತ್ತು ಕಸ್ತೂರಿ...

ಫೆಬ್ರವರಿ 9
ಇವತ್ತು ಚೆನ್ನಾಗಿ ಹೇಳಿದಳು. ಕರಡಿ ಬಕೆಟ್ ನೋಡಿ ಓಡುವ ಕಡೆ ತಾನೇ ನಕ್ಕಳು. ಹೆಡ್‌ಫೋನ್ ಹಾಕಿದರೆ ನಗುವಿನ ಕೆಳಗೆ ಗುಂಯ್.

"ಇನ್ನೊಂದು ಸಲ, ಅಕ್ಕ."

"ಇದಕ್ಕೇನಾಗಿದೆಯೋ?"

"ಹಮ್ ಇದೆ."

"ಇರ್ಲಿ ಬಿಡೋ. ಪುಟ್ಟಿ ಕೇಳೋದು ನನ್ನ, ನಿನ್ನ ಡಬ್ಬಾನಲ್ಲ."

ಆದರೂ ಹೇಳಿದಳು. ಅರ್ಧಕ್ಕೇ ಗಂಟಲು ಕಟ್ಟಿತು. ಕೈಸನ್ನೆ ಮಾಡಿ ಎದ್ದಳು. ಅವಳು ಹೋದ ಮೇಲೆ ಎರಡನ್ನೂ ಅಳಿಸಿದೆ. ಅರೆಬರೆ ಇಟ್ಟುಕೊಂಡರೆ ಅದಕ್ಕೇ ಒಗ್ಗಿಬಿಡುತ್ತೇವೆ. ಇನ್ನೂ ದಿನ ಇದೆ.

ಫೆಬ್ರವರಿ 11, ಮಧ್ಯಾಹ್ನ
ರಿಪೇರಿಯವನು ಬಂದು ಕೆಪ್ಯಾಸಿಟರ್ ಬದಲಿಸಿದ. ಆನ್ ಮಾಡಿದರೆ — ಗುಂಯ್ ಇಲ್ಲ, ಏನೂ ಇಲ್ಲ. ಸೂಜಿ ಬಿದ್ದರೂ ಕೇಳಬೇಕು. ಖುಷಿಯಲ್ಲಿ ಅಕ್ಕನಿಗೆ ಫೋನ್ ಮಾಡಿದೆ. ಎತ್ತಿದವರು ಭಾವ.

"ಬೆಳಗ್ಗೆ ಆಸ್ಪತ್ರೆಯಿಂದ ಕರೆದ್ರು. ಇನ್ನು ಕಾಯೋದು ಬೇಡ ಅಂದ್ರು ಡಾಕ್ಟ್ರು. ಆಗ್ಲೇ ಒಳಗೆ ಕರ್ಕೊಂಡು ಹೋದ್ರು. ನಿಂಗೆ ಹೇಳೋಕೂ ಪುರುಸೊತ್ತಾಗ್ಲಿಲ್ಲ."

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದೆ. ಬೆಣ್ಣೆಯನ್ನೂ ನಾನೇ ಎಸೆದೆ.

ಫೆಬ್ರವರಿ 14
ಅಳಿಸಿದ ಫೈಲ್‌ಗಳಿಗೆ ಹುಡುಕಾಟ. ಡಿಸ್ಕ್‌ನ ಅದೇ ಜಾಗದಲ್ಲಿ ಆಂಪ್ ಟೆಸ್ಟ್‌ಗಳನ್ನು ತುಂಬಿಸಿದ್ದೇನೆ. ಸಿಕ್ಕಿದ್ದೆಲ್ಲ ಹಮ್. ಭಾವನ ಫೋನಿನ ವಿಡಿಯೋಗಳನ್ನೂ ನೋಡಿದೆವು. ಅವನ್ನು ತೆಗೆದವಳೇ ಅಕ್ಕ. "ಇಲ್ಲಿ ನೋಡು ಪುಟ್ಟಿ" — ಅವಳ ಧ್ವನಿ ಅಷ್ಟೇ.

ಮಾರ್ಚ್ 4, ಸಂಜೆ
ಅಕ್ಕ ಬಂದಳು, ಪುಟ್ಟಿಯ ಕೈ ಹಿಡಿದುಕೊಂಡು. ಉಸಿರಾಡಲು ಕತ್ತಿನಲ್ಲಿ ಮಾಡಿದ ತೂತಿನ ಮೇಲೆ ತೆಳು ಬಟ್ಟೆ. ಸ್ಪೀಕರ್ ಕಡೆ ಬೆರಳು ತೋರಿಸಿ, ಹಾಕು ಅಂತ ಸನ್ನೆ ಮಾಡಿದಳು.

"ಇಲ್ಲ ಅಕ್ಕ. ಎಲ್ಲಾ ಅಳಿಸಿಬಿಟ್ಟೆ."

ನೋಡಿದಳು. ಬೈಯಲಿ ಅಂತ ಕಾದೆ. ಬೈಯುವುದಕ್ಕೂ ಅವಳ ಹತ್ತಿರ ಏನಿದೆ ಈಗ? ನಾಚಿಕೆಯಿಂದ ಸತ್ತೇಹೋಗುವಂತಾಯಿತು.

ಪುಟ್ಟಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ತಾನೇ ಕಥೆ ಶುರುಮಾಡಿದಳು. ಬರೀ ತುಟಿ. ಕೈಸನ್ನೆಯಲ್ಲೇ ಕರಡಿ, ಕೈಸನ್ನೆಯಲ್ಲೇ ಬಕೆಟ್. ಪುಟ್ಟಿ ಸ್ವಲ್ಪ ಹೊತ್ತು ಅಮ್ಮನ ಬಾಯನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಾವ, ಅಮ್ಮನ ಸೌಂಡ್ ಜಾಸ್ತಿ ಮಾಡು."

ಅಕ್ಕ ನಿಲ್ಲಿಸಲಿಲ್ಲ. ಎದ್ದು ಆಂಪ್‌ನ ಗುಂಡಿ ತಿರುಗಿಸಿದೆ. ಪೂರ್ತಿ ತಿರುಗಿಸಿದೆ. ಪುಟ್ಟಿ ಕಾಯುತ್ತಾ ಕೂತಳು. ಸ್ಪೀಕರ್‌ನಲ್ಲಿ ಈಗ ಹಮ್ ಕೂಡ ಇಲ್ಲ.