ಮಾಮಿಯ ಕೈಯಲ್ಲಿ ನನ್ನ ಬಳೆ

ಚೆನ್ನೈ, ಕ್ರೋಂಪೇಟೆ

ಅತ್ತೆಯವರಿಗೆ ಗಗನಾಳ ನಮಸ್ಕಾರ.

ನಮ್ಮ ಲ್ಯಾಬಿನಲ್ಲಿ ಕರೆಂಟು ಹರಿಯಲು ಬಿಡದ ಕಪ್ಪು ಚೂರೊಂದರ ಮೇಲೆ ಲೇಸರ್ ಬೆಳಕು ಬಿಡುತ್ತೇವೆ. ರೆಪ್ಪೆ ಬಡಿಯುವ ಹೊತ್ತಿನ ಲಕ್ಷ ಕೋಟಿಯಲ್ಲೊಂದು ಪಾಲಿನಲ್ಲಿ ಅದು ಲೋಹದಂತಾಗಿ, ಆಮೇಲೆ ಮತ್ತೆ ಮೊದಲಿನ ಹಾಗೇ ಆಗಿಬಿಡುತ್ತದೆ.

ಬೆಳಕು ಬಳೆಗೆ ತಾಗಿ ಕಣ್ಣಿಗೆ ಚಿಮ್ಮೀತೆಂದು, ಒಳಗೆ ಹೋಗುವಾಗ ನೀವು ತೊಡಿಸಿದ ಹಸಿರು ಬಳೆ ತೆಗೆಯಲೇಬೇಕು. ಬೈಯಬೇಡಿ. ಆಫೀಸಿನ ಕೌಸಲ್ಯಾ ಮಾಮಿ, "ಸುಮ್ನೆ ಕೆಳಗಿಡಬೇಡಮ್ಮಾ, ನಾನ್ ಹಾಕ್ಕೊಂಡಿರ್ತೀನಿ" ಎಂದು ತೊಟ್ಟುಕೊಳ್ಳುತ್ತಾರೆ. ಗಂಡ ತೀರಿದ ಮೇಲೆ ಅವರು ಬಳೆ ಮುಟ್ಟಿರಲಿಲ್ಲವಂತೆ. ನಾನು ಹೊರಬಂದೊಡನೆ ತೆಗೆದುಕೊಡುತ್ತಾರೆ, ಆ ಬರಿಗೈ ನನಗೆ ನೋಡಲಾಗುವುದಿಲ್ಲ.

ನನ್ನ ಕೆಮ್ಮು ವಾಸಿಯಾಗಿದೆ. ಮುಂದಿನ ಸಲ ನೀವು ಇಲ್ಲಿಗೆ ಬರುವಾಗ ಮಾಮಿಯ ಕೈಗೆ ಒಂದು ಡಜನ್ ಬಳೆ ತನ್ನಿ. ಮಾವನವರು ಹೋದಮೇಲೆ ಖಾಲಿಯಾಗಿರುವ ನಿಮ್ಮ ಕೈಗೂ ಒಂದು ಡಜನ್. ನಿಮಗೆ ನಾನೇ ತೊಡಿಸುತ್ತೇನೆ.

ನಿಮ್ಮ ಸೊಸೆ,
ಗಗನಾ