ನೀನು ಹೇಳಿ ಹೋದ ‘ಬಿಡಬ್ಯಾಡ’

ತಂಗಿ ನಿಂಗಮ್ಮ,

ಈ ಬರೆಯುವ ಕೆಲಸ ನನಗೆ ಆಗಿಬರುವುದಿಲ್ಲ. ಬೇರೆ ಹುಡುಗರಿಗೆ ಸಂಜೆಗೆ ಶಾಲೆ ಬಿಡುತ್ತಿತ್ತು, ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟೆ. ನಿನಗೆ ಗೊತ್ತಿರುವುದೇ. ನಿನ್ನ ಮಗಳು ಪೆನ್ನು ಕೈಗೆ ತುರುಕಿ ಕೂರಿಸಿದ್ದಾಳೆ. ಈಗ ಆಕೆ ಕೊಡೇಕಲ್ ಶಾಲೆಯಲ್ಲಿ ಕನ್ನಡ ಟೀಚರು. “ಮಾಮಾ, ಅವ್ವ ಹೇಳಿದ್ದು ನಿನಗ. ಅರ್ಥ ಏನಂತ ಆಕಿನ್ನೇ ಕೇಳು, ಬರಿ” ಅಂದಳು. ಸತ್ತವರಿಗೆ ಪತ್ರ ಬರೆಸುವ ಟೀಚರನ್ನು ಹೆತ್ತವಳು ನೀನು, ಅನುಭವಿಸುವವನು ನಾನು.

ನಿನ್ನ ಗಂಡ ಬಂದಿದ್ದಾನೆ. ಹೌದು, ಅವನೇ. ಮಗಳು ತೊಟ್ಟಿಲಲ್ಲಿದ್ದಾಗ ನಿನ್ನನ್ನು ಬಿಟ್ಟು ಸೈದಾಪುರದಲ್ಲಿ ರೈಲು ಹತ್ತಿದವನು. ಒಂದು ಕಾಲು ಎಳೆಯುತ್ತಾನೆ, ಮಾತು ತೊದಲುತ್ತದೆ. ಮೂರು ದಿನದಿಂದ ನಮ್ಮ ಕಟ್ಟೆಯ ಮೇಲೆ ಕೂತಿದ್ದಾನೆ. ಅವನ ಮುಖ ನೋಡಬಾರದೆಂದು ನಾನು ನನ್ನ ಮನೆಗೇ ಹಿತ್ತಲ ಬಾಗಿಲಿಂದ ಓಡಾಡುತ್ತಿದ್ದೇನೆ. ಇಲ್ಲಿ ಕಳ್ಳ ಯಾರು, ಹೇಳು?

ಶಹಾಪುರದ ದವಾಖಾನೆಯಲ್ಲಿ ಅವತ್ತು ನನ್ನ ಅಂಗಿಯ ತೋಳು ಹಿಡಿದು ಅಂದೆಯಲ್ಲ, “ಅಣ್ಣಾ, ಅವ ಬಂದ್ರ ಬಿಡಬ್ಯಾಡ.” ನಾನು ಆಗಲಿ ಅಂದೆ. ಮುಂದೆ ಇನ್ನೇನೋ ಹೇಳುವವಳಿದ್ದೆ, ಅಷ್ಟರಲ್ಲಿ... ಇಷ್ಟು ವರ್ಷ ನಾನು ತಿಳಿದದ್ದು, ಸುಮ್ಮನೆ ಬಿಡಬೇಡ, ನಾಲ್ಕು ಬಿಗಿ ಎಂದು. ನನ್ನ ಹೆಂಡತಿ, “ಒಳಗ ಬಿಡಬ್ಯಾಡ ಅಂದಾಳ, ಅಷ್ಟೂ ತಿಳೀಲಿಲ್ಲೇನು?” ಅನ್ನುತ್ತಾಳೆ. ನಿನ್ನ ಮಗಳು, “ಕೈ ಬಿಡಬ್ಯಾಡ ಅಂದಾಳ” ಅನ್ನುತ್ತಾಳೆ.

ನಿನ್ನೆ ಆಕೆ ದಪ್ಪ ನಿಘಂಟು ತೆಗೆದಳು. ‘ಬಿಡು’ ಅನ್ನುವ ಎರಡಕ್ಷರಕ್ಕೆ ಅರ್ಧ ಪುಟ. ಎತ್ತು ಬಿಡುವುದು, ಕಾಲುವೆಗೆ ನೀರು ಬಿಡುವುದು, ಗಿಡ ಹೂ ಬಿಡುವುದು. “ಬೀಡು ಅನ್ನೋದೂ ಇದರಾಗಿಂದಾನ ಹುಟ್ಟೇದ ಮಾಮಾ. ದಂಡು ಎತ್ತು ಬಿಟ್ಟು ಇಳಿದ ಜಾಗಾನ ಬೀಡು. ಬಿಟ್ಟಲ್ಲೇ ಮನಿ ಆಗ್ತದ ನೋಡು.” “ನಿಮ್ಮಪ್ಪ ಬಿಟ್ಟಲ್ಲಿ ಯಾವ ಮನಿ ಆತು?” ಅಂದೆ. ಪುಸ್ತಕ ಮುಚ್ಚಿಬಿಟ್ಟಳು. ಅನ್ನಬಾರದಿತ್ತು.

ಇವತ್ತು ಬೆಳಿಗ್ಗೆ ತಡೆಯಲಾಗಲಿಲ್ಲ. ಮುಂಬಾಗಿಲು ತೆಗೆದು ಒದರಿದೆ: “ಏನಂದು ಸತ್ತಾಳ ಗೊತ್ತದೇನು ನಿನಗ? ಅವ ಬಂದ್ರ ಬಿಡಬ್ಯಾಡ ಅಂದಾಳ!” ಹೆದರಿ ಎದ್ದು ಹೋಗುತ್ತಾನೆ ಅಂದುಕೊಂಡೆ. ಅವನು ಬಾಯಿ ತೆರೆದು ನನ್ನನ್ನೇ ನೋಡಿದ. “ಹಂಗಂದಳೇನ್ರಿ? ನನ್ನ ಬಿಡಬ್ಯಾಡ ಅಂದಳಾ?” ಅಂದವನೇ ಗಳಗಳ ಅತ್ತ. ಅಳುತ್ತಲೇ ಕೈಚೀಲ ಎತ್ತಿ ಹೊಸ್ತಿಲ ಒಳಗಿಟ್ಟ. ನನ್ನ ಹಿಂದೆ ನಿನ್ನ ಮಗಳು ನಿಂತಿದ್ದಳು. ಅಲ್ಲೋ, ಅದರ ಅರ್ಥ ಬೇರೆ ಅನ್ನೋಣವೆಂದರೆ, ಅದು ನನಗಾದರೂ ಎಲ್ಲಿ ಗೊತ್ತು?

ಈಗ ಚೀಲ ಒಳಗಿದೆ, ಅವನು ಹೊರಗಿದ್ದಾನೆ. ಎತ್ತಿ ಎಸೆಯಲು ಕೈ ಬರುತ್ತಿಲ್ಲ, ಬಾ ಅನ್ನಲು ಬಾಯಿ ಬರುತ್ತಿಲ್ಲ. ಶನಿವಾರ ಅಮಾವಾಸ್ಯೆ, ನಿನಗೆ ಎಡೆ ಇಡಬೇಕು. “ಅಪ್ಪಗೂ ಒಳಗ ತಾಟು ಹಾಕ್ಲೇನು ಮಾಮಾ?” ಎಂದು ನಿನ್ನ ಮಗಳು ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳುವುದರೊಳಗೆ ನನಗೆ ಗೊತ್ತಿರಬೇಕು. ಶುಕ್ರವಾರ ಸಂಜೆಯೊಳಗೆ ತಿಳಿಸು.